ನೆರಳಿಗೆ ಕೈ ಇರಲಿಲ್ಲ

ಮಾಘ ಮಾಸ ಬಂತು ಅಂದರೆ ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ಹಾಸನದ ಅರ್ಧ ಊರಿಗೆ ಅದೇ ತಿಂಗಳು ಮದುವೆ. ಆವತ್ತು ರಾತ್ರಿ ಎಂಟೂವರೆಗೆ ಒಬ್ಬರು ಬಂದು ಕೂತುಬಿಟ್ಟರು. ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಅನ್ನುವ ಕಡೆ ಹುಡುಗಿಯ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿದೆಯಂತೆ. ಹೀಗೇ ಹಂಚಿದರೆ ಮದುವೆಯೇ ನಿಂತೀತು ಅಂದರು. ಚಿಕ್ಕಪ್ಪನನ್ನು ಸೇರಿಸಿ, ಇನ್ನೊಂದು ಪ್ರೂಫ್ ತೆಗೆದು, ಶಟರ್ ಎಳೆಯುವಾಗ ಒಂಬತ್ತೂಮುಕ್ಕಾಲು.

ನಾನು ಸೈಕಲ್ಲಿನವನು. ಮನೆಯಲ್ಲಿ ಸ್ಕೂಟರ್ ಇದೆ, ಅದು ಹೆಂಡತಿಯದು. ಇಡೀ ದಿನ ಕಂಪ್ಯೂಟರ್ ಮುಂದೆ ಕೂತವನಿಗೆ ಮನೆಗೆ ಹೋಗುವ ಇಪ್ಪತ್ತು ನಿಮಿಷವಾದರೂ ಕಾಲು ಆಡಲಿ ಅಂತ ಸೈಕಲ್. ಬಿ.ಎಂ. ರಸ್ತೆ ಬಿಟ್ಟು ಸಾಲಗಾಮೆ ರಸ್ತೆ ಹಿಡಿದು, ಮಲೆನಾಡು ಎಂಜಿನಿಯರಿಂಗ್ ಕಾಲೇಜು ದಾಟಿ, ಇನ್ನೂ ಸ್ವಲ್ಪ ಮುಂದೆ ಹೋದರೆ ನಮ್ಮ ಬಡಾವಣೆಯ ತಿರುವು. ಬಲಕ್ಕೆ. ಅಲ್ಲಿನ ಬೀದಿದೀಪ ಕೆಟ್ಟು ಆಗ ತಿಂಗಳಾಗಿತ್ತು.

ಹಿಂದೆ ಟೆಂಪೊ ಬರುತ್ತಿರುವ ಸದ್ದು ಕೇಳಿತು. ದೂರ ಇದೆ ಅನ್ನಿಸಿತು. ಬಲಗೈ ಚಾಚಿ, ಎರಡು ಸಲ ಆಡಿಸಿ, ತಿರುಗಿಸಿದೆ. ಅಷ್ಟರಲ್ಲಿ ಟೆಂಪೊ ನನ್ನ ಬಲಕ್ಕೇ ಬಂದಿತ್ತು. ಅದರ ಮೈ ಹ್ಯಾಂಡಲ್ಲಿನ ತುದಿಗೆ ಸವರಿತು. ನಾನು ಒಂದು ಕಡೆ, ಸೈಕಲ್ ಒಂದು ಕಡೆ. ಟಿಫನ್ ಡಬ್ಬಿ ಮಾತ್ರ ರಸ್ತೆ ಮಧ್ಯೆ ಉರುಳಿಕೊಂಡು ಬಲಕ್ಕೆ ಹೋಯಿತು, ನಾನು ಹೋಗಬೇಕಾಗಿದ್ದ ಕಡೆಗೇ.

ಡ್ರೈವರ್ ಓಡಿಹೋಗಲಿಲ್ಲ. ನಿಲ್ಲಿಸಿ ಇಳಿದು ಬಂದ. ಬೈಯುತ್ತಾನೆ ಅಂದುಕೊಂಡೆ. ಆದರೆ ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿ ಇತ್ತು. “ಏನ್ ಸಾರ್, ನೀವೇ ಮುಂದಕ್ಕೆ ಹೋಗು ಅಂತ ಕೈ ಬೀಸಿ, ನೀವೇ ಅಡ್ಡ ಬಂದ್ರಲ್ಲ!”

ನಾನು ಕೈ ತೋರಿಸಿದ್ದು ತಿರುಗುತ್ತೇನೆ ಅಂತ, ನೀನು ನೋಡಿಲ್ಲ ಅಂತ ಜಗಳಕ್ಕೆ ನಿಂತೆ. ಅವನು ಜಗಳ ಆಡಲಿಲ್ಲ. ಕಳಚಿದ್ದ ಚೈನು ಹಾಕಿಕೊಟ್ಟು, ಕೈಯ ಗ್ರೀಸನ್ನು ತನ್ನ ಪ್ಯಾಂಟಿಗೇ ಒರೆಸಿಕೊಂಡು, “ನೋಡ್ದೆ ಸಾರ್, ನೋಡಿದ್ದಕ್ಕೇ ಬಂದಿದ್ದು” ಅಂದು ಹೋದ.

ಮಂಡಿಯ ಗಾಯ ವಾರದಲ್ಲಿ ಒಣಗಿತು. ಆ ಮಾತು ಒಣಗಲಿಲ್ಲ.

ಪ್ರೆಸ್ಸಿನ ಪಕ್ಕದ ಕೋಣೆಯಲ್ಲಿ ಒಬ್ಬರು ಹಿರಿಯರು ಬೈಂಡಿಂಗ್ ಮಾಡುತ್ತಾರೆ. ಮೊದಲು ಲಾರಿ ಓಡಿಸುತ್ತಿದ್ದವರು. ಸಕಲೇಶಪುರದ ಘಾಟಿಯಲ್ಲಿ ಸವೆದ ಜೀವ. ಅವರಿಗೆ ಕಥೆ ಹೇಳಿದೆ. ಅವರು ಅಂಟಿನ ಬ್ರಷ್ ಕೆಳಗಿಟ್ಟು, “ಹೆಂಗ್ ಕೈ ತೋರಿಸ್ದೆ, ತೋರಿಸು ನೋಡನ” ಅಂದರು. ತೋರಿಸಿದೆ. ಅವರು ನಕ್ಕುಬಿಟ್ಟರು. “ಇದು ತಿರುಗೋ ಕೈ ಅಲ್ಲ ಮಾರಾಯ. ಇದು ಸೈಡ್ ಕೊಡೋ ಕೈ.”

ಆಮೇಲೆ ಪೂರ್ತಿ ಪಾಠ ಆಯಿತು. ಇಂಡಿಕೇಟರ್‌ಗಳನ್ನು ನಂಬದ ಕಾಲದ ಲಾರಿಯವರಿಗೆ ಬಲಗೈಯೇ ಭಾಷೆ. ಕೇಂದ್ರ ಸರ್ಕಾರ 1989ರಲ್ಲಿ ತಂದ, 2017ರವರೆಗೆ ಜಾರಿಯಲ್ಲಿದ್ದ ರಸ್ತೆ ನಿಯಮಗಳಲ್ಲೂ ಆ ಭಾಷೆ ಬರೆದಿಟ್ಟಿತ್ತು. ಬಲಗೈಯನ್ನು ಭುಜಕ್ಕೆ ಸಮನಾಗಿ ಚಾಚಿ, ಅಂಗೈ ಮುಂದಕ್ಕೆ ಮಾಡಿ ಹಿಡಿದರೆ ಬಲಕ್ಕೆ ತಿರುಗುತ್ತೇನೆ ಅಂತ. ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನ ಮಾಡುತ್ತಿದ್ದೇನೆ ಅಂತ. ಮೊಣಕೈ ಮಡಚಿ ಕೈ ಮೇಲಕ್ಕೆತ್ತಿದರೆ ನಿಲ್ಲಿಸುತ್ತೇನೆ ಅಂತ. ಗಡಿಯಾರದ ಉಲ್ಟಾ ದಿಕ್ಕಿಗೆ ಸುತ್ತಿಸಿದರೆ ಎಡಕ್ಕೆ. ಹಿಂದಿನಿಂದ ಮುಂದಕ್ಕೆ ಅರ್ಧ ವೃತ್ತದ ಹಾಗೆ ಬೀಸಿದರೆ, ನೀನು ನನ್ನನ್ನು ದಾಟಿಕೊಂಡು ಹೋಗು ಅಂತ.

ಅಂದರೆ ಚಾಚಿದ ಕೈ ಒಂದೇ. ಸುಮ್ಮನೆ ನಿಂತರೆ ಒಂದು ಅರ್ಥ, ಬೀಸಿದರೆ ಅದರ ತೀರಾ ವಿರುದ್ಧದ ಅರ್ಥ. ಮೊದಲನೆಯದು ‘ಬರಬೇಡ’, ಎರಡನೆಯದು ‘ಬಾ’. ನಾನು ನಲವತ್ತು ವರ್ಷದಿಂದ ‘ಬರಬೇಡ’ ಅನ್ನುವುದನ್ನು ‘ಬಾ’ ಅನ್ನುವ ಕೈಯಲ್ಲಿ ಹೇಳಿಕೊಂಡು ಬಂದಿದ್ದೆ. ಹಗಲಲ್ಲಿ ಅದು ನಡೆದುಹೋಗುತ್ತದೆ. ಹಿಂದಿನವನಿಗೆ ನನ್ನ ತಲೆ ತಿರುಗಿದ್ದು, ಹ್ಯಾಂಡಲ್ ವಾಲಿದ್ದು, ಮುಖ, ಎಲ್ಲಾ ಕಾಣುತ್ತದೆ. ಅರ್ಥ ಜೋಡಿಸಿಕೊಳ್ಳುತ್ತಾನೆ. ರಾತ್ರಿ ಅವನಿಗೆ ಸಿಕ್ಕಿದ್ದು ಕತ್ತಲಲ್ಲಿ ಏನೋ ಆಡಿದ್ದು ಅಷ್ಟೇ. ಅದನ್ನು ಅವನು ಸರಿಯಾಗೇ ಓದಿದ್ದ. ನಾನು ಬರೆದದ್ದೇ ತಪ್ಪಾಗಿತ್ತು. ದಿನಾ ಬೇರೆಯವರ ಅಚ್ಚಿನ ತಪ್ಪು ತಿದ್ದುವವನು ನಾನು!

(ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ ‘ರೈಟ್ ರೈಟ್’ ಅಂದರೆ ಬಸ್ಸು ಬಲಕ್ಕೆ ತಿರುಗುವುದಿಲ್ಲ, ನೇರ ಹೋಗುತ್ತದೆ. ಇಂಥ ಊರಲ್ಲಿ ಬಲಕ್ಕೆ ತಿರುಗುವುದು ಅಷ್ಟು ಸುಲಭ ಅಲ್ಲ ಅಂತ ಬೈಂಡಿಂಗಿನವರ ತೀರ್ಮಾನ.)

ಅವತ್ತಿನಿಂದ ಕೈಯನ್ನು ಕೋಲಿನ ಹಾಗೆ ನೆಟ್ಟಗೆ ಹಿಡಿಯಲು ಶುರು ಮಾಡಿದೆ. ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ.

ಸುಮಾರು ಹದಿನೈದು ದಿನದ ಮೇಲೆ, ಅದೇ ರಸ್ತೆ, ಅದೇ ಹೊತ್ತು. ಹಿಂದೆ ಒಂದು ಕಾರು ಬಂತು. ಅದರ ಬೆಳಕಿಗೆ ನನ್ನ ನೆರಳು ಮುಂದೆ ರಸ್ತೆಯ ಮೇಲೆ ಉದ್ದಕ್ಕೆ ಬಿತ್ತು. ಕೈ ಚಾಚಿದೆ. ನೆರಳಿನ ಕಡೆ ನೋಡಿದೆ, ಕೈ ಹೇಗೆ ಕಾಣುತ್ತದೆ ಅಂತ. ನೆರಳಿಗೆ ಕೈ ಇರಲಿಲ್ಲ. ತಲೆಯೂ ಇರಲಿಲ್ಲ. ಎರಡು ಚಕ್ರ, ತುಳಿಯುತ್ತಿರುವ ಎರಡು ಪಾದ, ಅಷ್ಟೇ. ಮೇಲಿನ ನಾನು ರಸ್ತೆಯ ಮೇಲೆ ಇರಲೇ ಇಲ್ಲ. ಆಮೇಲೆ ಪಕ್ಕಕ್ಕೆ ಕಣ್ಣು ಹೋಯಿತು. ಕಾಂಪೌಂಡ್ ಗೋಡೆಯ ಮೇಲೆ, ಅದರಾಚೆ ತೆಂಗಿನ ಮರದ ಮೇಲೆ ದೊಡ್ಡದೊಂದು ತೋಳು ಜಾರಿಕೊಂಡು ಹೋಗುತ್ತಿತ್ತು.

ಮನೆಗೆ ಹೋಗಿ ಹಾಳೆಯ ಮೇಲೆ ಗೆರೆ ಎಳೆದು ನೋಡಿದೆ. ವಿಷಯ ಸರಳ. ಕಾರಿನ ದೀಪ ಇರುವುದು ನಿಂತವನ ತೊಡೆಯ ಮಟ್ಟದಲ್ಲಿ. ಸೈಕಲ್ ಮೇಲೆ ಕೂತು ಚಾಚಿದ ಕೈ ಅದಕ್ಕಿಂತ ಎಷ್ಟೋ ಮೇಲೆ. ದೀಪದಿಂದ ಹೊರಟು ಕೈಯನ್ನು ಮುಟ್ಟುವ ಬೆಳಕು ಮೇಲ್ಮುಖವಾಗಿ ಹೋಗುತ್ತದೆ. ಅದು ರಸ್ತೆಗೆ ಇಳಿಯುವುದೇ ಇಲ್ಲ. ಆದ್ದರಿಂದ ಕೈಯ ನೆರಳು ರಸ್ತೆಯ ಮೇಲೆ ಬೀಳುವ ಪ್ರಶ್ನೆಯೇ ಇಲ್ಲ.

ಆದರೆ ಭಯ ಹುಟ್ಟಿಸಿದ್ದು ಇದರ ಇನ್ನೊಂದು ಮುಖ. ಡ್ರೈವರ್ ಸಭ್ಯನಾಗಿದ್ದು ದೀಪ ಡಿಮ್ ಮಾಡಿದ ಅನ್ನಿ. ಡಿಮ್ ಅಂದರೆ ಬೆಳಕನ್ನು ಕೆಳಕ್ಕೆ ಬಾಗಿಸುವುದು, ಎದುರಿನವರ ಕಣ್ಣಿಗೆ ಹೊಡೆಯದಂತೆ. ಆ ಬೆಳಕಿಗೆ ಮೇಲೊಂದು ಗೆರೆ ಇರುತ್ತದೆ. ಗೆರೆಯ ಕೆಳಗೆ ಚೆನ್ನಾಗಿ ಬೆಳಕು, ಮೇಲೆ ಬರೀ ಚೆಲ್ಲಿದ ಬೆಳಕು. ದೂರದಿಂದ ಬರುವಾಗ ಅವನಿಗೆ ಮೊದಲು ಸಿಗುವುದು ನನ್ನ ಚಕ್ರ, ಪೆಡಲ್ಲು, ಚಪ್ಪಲಿ. ಕೈ ಗೆರೆಯ ಮೇಲೆ, ಕತ್ತಲಲ್ಲಿ. ನಾನು ಏನು ಹೇಳಬೇಕೋ ಅದನ್ನೆಲ್ಲ ಬೆಳಕು ತಲುಪದ ಜಾಗದಲ್ಲಿ ನಿಂತು ಹೇಳುತ್ತಿದ್ದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ. ಕೈ ಕಂಡು, ಅದು ಕೈ ಅಂತ ಗೊತ್ತಾಗಿ, ಬ್ರೇಕಿನ ಮೇಲೆ ಕಾಲು ಹೋಗುವಷ್ಟರಲ್ಲಿ ಎರಡು ಬಸ್ಸಿನ ಉದ್ದ ಮುಗಿದಿರುತ್ತದೆ.

ಒಂದು ಭಾನುವಾರ ರಾತ್ರಿ ಮನೆಯವರನ್ನೆಲ್ಲ ಬೀದಿಗೆ ಎಳೆದೆ. ನಮ್ಮ ಅಡ್ಡರಸ್ತೆ ಖಾಲಿ. ಹೆಂಡತಿ ಒಂದು ತುದಿಯಲ್ಲಿ ಸ್ಕೂಟರ್ ಚಾಲು ಮಾಡಿಕೊಂಡು, ದೀಪ ಡಿಮ್ ಹಾಕಿ ಕೂತಳು. ನಾನು ಐವತ್ತು ಹೆಜ್ಜೆ ಆಚೆ ಸೈಕಲ್ ಮೇಲೆ, ಅವಳಿಗೆ ಬೆನ್ನು ಮಾಡಿ. ಕಪ್ಪು ಸ್ವೆಟರ್. ಹಾಸನದ ಚಳಿಗೆ ಅದು ನನ್ನ ಯೂನಿಫಾರ್ಮ್. ಮಗ ನಡುವೆ ನಿಂತು ಅಂಪೈರ್.

“ಈಗ ಯಾವ ಕೈ?”

“ಕೈ ಎತ್ತಿದೀರಾ ಈಗ?” ಅಂದಳು.

ಎತ್ತಿ ಅರ್ಧ ನಿಮಿಷ ಆಗಿತ್ತು.

“ರೀ, ನಿಮ್ಮ ಪೆಡಲ್ ಕಾಣ್ತಿದೆ. ಮಡ್‌ಗಾರ್ಡ್ ಕೆಂಪಗೆ ಕಾಣ್ತಿದೆ. ನೀವು ಕಾಣ್ತಿಲ್ಲ.”

ಮರುದಿನ ಎದುರಿನ ಸ್ಟಿಕ್ಕರ್ ಅಂಗಡಿಗೆ ಹೋದೆ. ನಂಬರ್ ಪ್ಲೇಟಿಗೂ ಲಾರಿ ಹಿಂಬದಿಗೂ ಅಂಟಿಸುವ ಹೊಳೆಯುವ ಹಾಳೆಗೆ ನಾವೆಲ್ಲ ರೇಡಿಯಂ ಅನ್ನುತ್ತೇವೆ, ಅಲ್ವಾ? ಅದರಲ್ಲಿ ರೇಡಿಯಂ ಚೂರೂ ಇಲ್ಲ. ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ರೇಡಿಯಂ ಅನ್ನು ಹಿಂದೆ ಗಡಿಯಾರದ ಮುಳ್ಳು, ಅಂಕಿಗಳಿಗೆ ಹಚ್ಚುವ ಬಣ್ಣದಲ್ಲಿ ಸೇರಿಸುತ್ತಿದ್ದರು. ಅದು ಕತ್ತಲಲ್ಲಿ ತಾನಾಗಿ ಹೊಳೆಯುತ್ತಿತ್ತು. ಹೊಳೆಯುವುದಕ್ಕೆಲ್ಲ ಆ ಹೆಸರು ಅಂಟಿಕೊಂಡಿತು. ಈ ಹಾಳೆ ತಾನಾಗಿ ಹೊಳೆಯುವುದಿಲ್ಲ. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುವುದು ಅವುಗಳ ಕೆಲಸ. ಕನ್ನಡಿ ಹಾಗಲ್ಲ, ಓರೆಯಾಗಿ ಬಿದ್ದರೆ ಓರೆಯಾಗಿ ಬೇರೆ ಕಡೆ ಎಸೆದುಬಿಡುತ್ತದೆ.

ಬಂದಲ್ಲಿಗೇ ವಾಪಸ್ ಹೋಗುತ್ತದೆ ಅಂದರೆ ದೀಪಕ್ಕೆ ವಾಪಸ್ ಹೋಗುತ್ತದೆ. ಡ್ರೈವರ್ ಕಣ್ಣು ದೀಪದ ಹತ್ತಿರ ಇದ್ದರೆ ಮಾತ್ರ ಅವನಿಗೆ ಪಾಲು. ಕಾರಿನವನಿಗೆ, ಬೈಕಿನವನಿಗೆ ಚೆನ್ನಾಗಿ ಸಿಗುತ್ತದೆ. ಬಸ್ಸು, ಲಾರಿಯವರು ದೀಪಕ್ಕಿಂತ ಎಷ್ಟೋ ಎತ್ತರದಲ್ಲಿ ಕೂತಿರುತ್ತಾರೆ. ಹತ್ತಿರ ಬಂದಷ್ಟೂ ಅವರಿಗೆ ಆ ಹೊಳಪು ಕಡಿಮೆ. ರೇಡಿಯಂ ಅಂಟಿಸಿದ್ದೇನೆ ಅಂತ ಧರ್ಮಸ್ಥಳದ ಬಸ್ಸಿನ ಮುಂದೆ ಧೈರ್ಯ ಮಾಡುವ ಹಾಗಿಲ್ಲ.

ಮಗನ ಹತ್ತಿರ ಒಂದು ಗಿಳಿಹಸಿರು ಜಾಕೆಟ್ ಇತ್ತು, ಕಣ್ಣು ಕುಕ್ಕುವಂಥದ್ದು. “ಇದು ಹಾಕ್ಕೊಳಿ ಅಪ್ಪಾ” ಅಂದ. ಹಾಕಿಕೊಂಡು ನೋಡಿದೆ. ರಾತ್ರಿ ಅದು ಸಾದಾ ಬಟ್ಟೆಗಿಂತ ಹೆಚ್ಚೇನೂ ಅಲ್ಲ. ಅಂಥ ಬಣ್ಣ ಸೂರ್ಯನ ಬೆಳಕಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನೂ ಹೀರಿ ಕಾಣುವ ಬೆಳಕಾಗಿ ಬಿಡುತ್ತದೆ. ಅದಕ್ಕೇ ಹಗಲಲ್ಲಿ ಅಷ್ಟು ಉರಿಯುತ್ತದೆ. ರಾತ್ರಿ ಸೂರ್ಯನೇ ಇಲ್ಲವಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಪೌರಕಾರ್ಮಿಕರ ಜಾಕೆಟ್ ಮೇಲಿರುತ್ತದಲ್ಲ, ಆ ಬೆಳ್ಳಿ ಬಣ್ಣದ ಬಟ್ಟೆ ಪಟ್ಟಿ. ಒಂದು ಮೀಟರ್ ತಂದು, ಸ್ವೆಟರ್ ತೋಳಿನ ಮಣಿಕಟ್ಟಿಗೆ ಸುತ್ತ ಹೊಲಿಸಿದೆ. ಮತ್ತೆ ಬೀದಿ, ಮತ್ತೆ ಸ್ಕೂಟರ್, ಮತ್ತೆ ಐವತ್ತು ಹೆಜ್ಜೆ.

“ಏನೋ ಒಂದು ಚುಕ್ಕಿ ಕಾಣ್ತಿದೆ. ಮಿಂಚುಹುಳದ ಥರ,” ಅಂದಳು. ಅದು ಕೈ ಅಂತ ಅನ್ನಿಸಲಿಲ್ಲವಂತೆ. ಮೊಣಕೈ ಮೇಲೆ ಇನ್ನೊಂದು ಪಟ್ಟಿ ಹೊಲಿಸಿದೆ. ಈ ಸಲ ಕೈ ಎತ್ತಿದ ತಕ್ಷಣ ಕೂಗಿದಳು, “ಬಲಗೈ!” ಎರಡು ಚುಕ್ಕಿ ಒಂದೇ ಗೆರೆಯಲ್ಲಿ ಮೇಲೆದ್ದರೆ ಅದು ತೋಳು. ಒಂಟಿ ಚುಕ್ಕಿ ಯಾರದ್ದು ಬೇಕಾದರೂ ಆಗಬಹುದು.

ಇದರ ಹಿಂದಿನ ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಗುನ್ನಾರ್ ಯೊಹಾನ್ಸನ್ ಅಂತ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ. ಜನರ ಭುಜ, ಮೊಣಕೈ, ಮಂಡಿ, ಕಾಲಿನ ಗಿಣ್ಣಿನಂಥ ಕೀಲುಗಳಲ್ಲಿ ಮಾತ್ರ ಬೆಳಕಿನ ಚುಕ್ಕಿ ಕಾಣುವಂತೆ ಮಾಡಿ, ಕತ್ತಲಲ್ಲಿ ನಡೆಸಿ ಚಿತ್ರ ತೆಗೆದರು. ನಿಂತಾಗ ನೋಡಿದವರಿಗೆ ಅದು ಬರೀ ಚುಕ್ಕಿಗಳ ಗುಂಪು. ಒಂದು ಹೆಜ್ಜೆ ಇಟ್ಟರೋ ಇಲ್ಲವೋ, ಕ್ಷಣದಲ್ಲಿ ‘ಓ, ಮನುಷ್ಯ’ ಅಂತ ಗೊತ್ತಾಗಿಬಿಡುತ್ತಿತ್ತು. 1973ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ನನಗೆ ನೆರಳು ನೆನಪಾಯಿತು. ಕೈಯಿಲ್ಲದ, ತಲೆಯಿಲ್ಲದ, ಆದರೆ ತುಳಿಯುತ್ತಿದ್ದ ಪಾದಗಳ ನೆರಳು. ಪೆಡಲ್ಲಿನ ಹಳದಿ ರಿಫ್ಲೆಕ್ಟರ್ ಎರಡು ರೂಪಾಯಿಯ ಆಟಿಕೆ ಅಂತ ಎಂದೋ ಕಿತ್ತು ಎಸೆದಿದ್ದೆ. ಡಿಮ್ ಬೆಳಕು ಮೊದಲು ಬೀಳುವುದೇ ಅಲ್ಲಿಗೆ. ಅದು ಮೇಲೆ ಕೆಳಗೆ ಹೋಗುವುದರಿಂದ ಇದು ಕಂಬ ಅಲ್ಲ, ಗೇಟ್ ಅಲ್ಲ, ಮನುಷ್ಯ ಅಂತ ಹೇಳುವುದೂ ಅದೇ. ಹೊಸ ಜೊತೆ ಹಾಕಿಸಿದೆ. ಮೊದಲು ಅಲ್ಲೊಬ್ಬ ಇದ್ದಾನೆ ಅಂತ ಗೊತ್ತಾಗಬೇಕು. ಅವನು ಯಾವ ಕಡೆ ತಿರುಗುತ್ತಾನೆ ಅನ್ನುವುದು ಆಮೇಲಿನ ಮಾತು.

ಸೀಟಿನ ಕೆಳಗೆ ಹಾಕುವ ಇಂಡಿಕೇಟರ್ ದೀಪವನ್ನೂ ಪ್ರೆಸ್ಸಿನ ಹುಡುಗ ತರಿಸಿಕೊಟ್ಟ. ಹ್ಯಾಂಡಲ್ ಮೇಲೆ ಸ್ವಿಚ್ಚು, ಹಿಂದೆ ಬಾಣ. ಮಗನಿಗೆ ಭಾರೀ ಖುಷಿ. ಆದರೆ ಎಡ ಬಾಣಕ್ಕೂ ಬಲ ಬಾಣಕ್ಕೂ ನಡುವೆ ನಾಲ್ಕು ಬೆರಳು ಜಾಗ. ಐವತ್ತು ಹೆಜ್ಜೆಯಿಂದ ನೋಡಿದರೆ ಯಾವ ಕಡೆಯದು ಅಂತ ಹೇಳಲಾಗದು, ಏನೋ ಮಿಟುಕುತ್ತಿದೆ ಅಷ್ಟೇ. ಮೋಟಾರ್ ಬೈಕಿನಲ್ಲಿ ಇಂಡಿಕೇಟರ್‌ಗಳು ಎರಡು ಬದಿಗೆ ಕೊಂಬಿನ ಹಾಗೆ ಚಾಚಿಕೊಂಡಿರುವುದು ಸುಮ್ನೆ ಅಲ್ಲ. ಅದೂ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ನಮ್ಮೂರಲ್ಲಿ ದೀಪಾಲಂಕಾರ ಜೋರು. ಕಂಬ, ಮರ, ವೃತ್ತ ಎಲ್ಲಾ ಮಿಟುಕುತ್ತಿರುತ್ತದೆ. ಅದರ ನಡುವೆ ನನ್ನ ನಾಲ್ಕು ಬೆರಳಿನ ಬಾಣವನ್ನು ಯಾರು ನೋಡುತ್ತಾರೆ? ಈಗ ಅದನ್ನು ಮಿಟುಕಿಸದೆ ಸುಮ್ಮನೆ ಕೆಂಪು ದೀಪವಾಗಿ ಉರಿಸುತ್ತೇನೆ. ಅಷ್ಟಕ್ಕೆ ಒಳ್ಳೆಯದು.

ಅಪ್ಪನ ಸೈಕಲ್ಲಿಗೆ ಡೈನಮೋ ಇತ್ತು. ಹಿಂದಿನ ಟೈರಿಗೆ ತಾಗಿಸಿದರೆ ಗುಂಯ್ ಅಂತ ಸದ್ದು, ತುಳಿಯುವುದು ಭಾರ. ಅಷ್ಟು ಬೆವರಿಗೆ ಸಿಗುತ್ತಿದ್ದದ್ದು ಒಟ್ಟು 3 ವ್ಯಾಟ್ ಬೆಳಕು. ಜೋರಾಗಿ ತುಳಿದರೆ ಪ್ರಖರ, ನಿಧಾನಿಸಿದರೆ ಮಂಕು, ನಿಂತರೆ ಕತ್ತಲು. ಯೋಚಿಸಿ ನೋಡಿ, ಬಲಕ್ಕೆ ತಿರುಗುವವನು ನಿಲ್ಲುವುದು ಎಲ್ಲಿ? ರಸ್ತೆಯ ನಟ್ಟನಡುವೆ. ಅಪಾಯ ಎಲ್ಲಿ ಜಾಸ್ತಿಯೋ ಅಲ್ಲೇ ಸರಿಯಾಗಿ ದೀಪ ಆರುತ್ತಿತ್ತು. ಅಪ್ಪ ಅದಕ್ಕೆ ಒಂದು ದಾರಿ ಕಂಡುಕೊಂಡಿದ್ದರು. ನಡುವೆ ನಿಲ್ಲುತ್ತಲೇ ಇರಲಿಲ್ಲ. ತಿರುವು ಬರುವ ಮೊದಲೇ ಎಡಕ್ಕೆ ಸರಿದು, ಇಳಿದು, ಮಣ್ಣಿನ ಮೇಲೆ ನಿಂತು, ಎರಡೂ ಕಡೆ ನೋಡಿ, ತಳ್ಳಿಕೊಂಡು ದಾಟುತ್ತಿದ್ದರು. ಕ್ಯಾರಿಯರ್ ಮೇಲೆ ಕೂತ ನನಗೆ ಆಗ ಅವಮಾನ. ಬೇರೆಯವರ ಅಪ್ಪಂದಿರು ಝುಮ್ ಅಂತ ತಿರುಗಿಸುತ್ತಿದ್ದರು.

ಇಡೀ ಊರೇ ಸೈಕಲ್ ತುಳಿಯುವ ಡೆನ್ಮಾರ್ಕಿನಲ್ಲಿ ಇದೇ ಕಾನೂನು ಅಂತ ಗೊತ್ತಾದಾಗ ನಗು ಬಂತು. ಅಲ್ಲಿ ವಾಹನಗಳು ಬಲಗಡೆ ಓಡುತ್ತವೆ. ಹಾಗಾಗಿ ನಮ್ಮ ಬಲ ತಿರುವು ಅವರಿಗೆ ಎಡ ತಿರುವು. ಸಿಗ್ನಲ್ ಇರುವ ಕಡೆ ಸೈಕಲ್ಲಿನವರು ಓರೆಯಾಗಿ ಅಡ್ಡ ಹೋಗುವ ಹಾಗಿಲ್ಲ. ಮೊದಲು ಅಂಚಿನಲ್ಲೇ ನೇರ ದಾಟಿ, ಆಚೆ ಮೂಲೆಯಲ್ಲಿ ನಿಂತು, ಆಮೇಲೆ ತಿರುಗಿ ಹೋಗಬೇಕು. ಅಪ್ಪ ಡೆನ್ಮಾರ್ಕಿನ ಹೆಸರು ಕೇಳಿದ್ದರೋ ಇಲ್ಲವೋ.

ಈಗ ನನ್ನ ಕ್ರಮ ಹೀಗಿದೆ. ತಿರುವಿಗೆ ಬಹಳ ಮೊದಲು, ಹಾಲಿನ ಬೂತ್ ಬಂದಾಗಲೇ, ಬಲ ಭುಜದ ಮೇಲಿಂದ ಹಿಂದೆ ನೋಡುತ್ತೇನೆ. ಹಿಂದೆ ನೋಡುವಾಗ ಸೈಕಲ್ ಬಲಕ್ಕೆ ವಾಲುವ ಚಟ ಎಲ್ಲರಿಗೂ ಇರುತ್ತದೆ. ನನಗೆ ಅದನ್ನು ಬಿಡಲು ಒಂದು ತಿಂಗಳು ಬೇಕಾಯಿತು. ಆಮೇಲೆ ಕೈ. ನೆಟ್ಟಗೆ, ಭುಜದ ಮಟ್ಟಕ್ಕೆ, ಮನಸ್ಸಿನಲ್ಲಿ ಮೂರು ಎಣಿಸುವ ತನಕ. ಆಮೇಲೆ ಕೈ ವಾಪಸ್ ಹ್ಯಾಂಡಲ್ಲಿಗೆ. ಕೈ ಚಾಚಿಕೊಂಡೇ ತಿರುಗುವುದು ಶುದ್ಧ ದಡ್ಡತನ. ನನ್ನ ಸೈಕಲ್ಲಿನಲ್ಲಿ ಬಲಗೈ ಬ್ರೇಕು ಮುಂದಿನ ಚಕ್ರದ್ದು, ಚೆನ್ನಾಗಿ ಹಿಡಿಯುವುದು ಅದೇ. ಬಲಗೈ ಗಾಳಿಯಲ್ಲಿದ್ದಾಗ ಉಳಿದಿರುವುದು ಹಿಂದಿನ ಅರೆಮನಸ್ಸಿನ ಬ್ರೇಕು. ಆ ಹೊತ್ತಿಗೆ ಸರಿಯಾಗಿ ಬಣ್ಣ ಬಳಿಯದ ಹಂಪ್ ಒಂದು ಬಂದರೆ ಮುಗಿಯಿತು.

ಕೈ ತೋರಿಸಿದ ಮೇಲೆ ಕಾಯುತ್ತೇನೆ. ಮೊದಲು ಇದು ಗೊತ್ತಿರಲಿಲ್ಲ. ಕೈ ತೋರಿಸಿದೆ ಅಂದರೆ ಹೇಳಿಯಾಯಿತು, ಇನ್ನು ಕೇಳಿಸಿಕೊಳ್ಳುವುದು ಅವನ ಜವಾಬ್ದಾರಿ ಅಂದುಕೊಂಡಿದ್ದೆ. ಈಗ ಅದನ್ನು ಪ್ರಶ್ನೆ ಅಂದುಕೊಳ್ಳುತ್ತೇನೆ. ‘ತಿರುಗಲಾ?’ ಉತ್ತರ ಬರಬೇಕು. ಇಂಜಿನ್ನಿನ ಸದ್ದು ಇಳಿದರೆ ಉತ್ತರ ಬಂತು. ಸದ್ದು ಇಳಿಯದಿದ್ದರೆ, ನೆರಳು ಹೇಳುತ್ತದೆ. ಗಾಡಿ ನನ್ನ ಹಿಂದೆಯೇ ನಿಧಾನವಾದರೆ ಪಾದದ ನೆರಳು ಮುಂದಕ್ಕೇ ಇರುತ್ತದೆ. ನನ್ನನ್ನು ದಾಟಲು ಬಲಕ್ಕೆ ಬಂದರೆ ನೆರಳು ಎಡಕ್ಕೆ ಸರಿಯಲು ಶುರು ಮಾಡುತ್ತದೆ. ನೆರಳು ಎಡಕ್ಕೆ ಹೊರಟರೆ ನಾನೂ ಎಡಕ್ಕೇ. ಎದುರಿಂದ ಹೈ ಬೀಮ್ ಹಾಕಿಕೊಂಡು ಯಾರಾದರೂ ಬರುತ್ತಿದ್ದರಂತೂ ಕೇಳುವುದೇ ಬೇಡ. ಆ ಬೆಳಕು ಹಿಂದಿನವನ ಕಣ್ಣನ್ನೂ ಕಟ್ಟಿರುತ್ತದೆ. ನನ್ನ ಬೆಳ್ಳಿ ಪಟ್ಟಿ, ಕೆಂಪು ದೀಪ ಯಾವುದೂ ಲೆಕ್ಕಕ್ಕಿಲ್ಲ. ಆವಾಗ ಅಪ್ಪನ ದಾರಿ. ಎಡಕ್ಕೆ ಸರಿದು ಇಳಿಯುವುದು.

ವಾರದಲ್ಲಿ ಎರಡು ಮೂರು ಸಲ ಇಳಿಯುತ್ತೇನೆ. ಅದರಲ್ಲಿ ಒಂದೇ ತೊಂದರೆ. ನಮ್ಮ ಕಡೆ ಸೈಕಲ್ ಇದ್ದೂ ತಳ್ಳುತ್ತಾ ಹೋಗುವವನು ಅಂದರೆ ಪಂಚರ್ ಆದವನು ಅಂತಲೇ ಲೆಕ್ಕ. ಮೊನ್ನೆಯೂ ಹಾಗೇ. ಮಂಜು ಬೇರೆ ಇಳಿದಿತ್ತು. ಎರಡೂ ಕಡೆಯಿಂದ ಗಾಡಿ. ಮಣ್ಣಿನ ಮೇಲೆ ನಿಂತಿದ್ದೆ. ಕಾಲೇಜಿನ ಹುಡುಗ ಒಬ್ಬ ಬೈಕ್ ನಿಲ್ಲಿಸಿದ.

“ಪಂಚರಾ ಅಂಕಲ್?”

“ಇಲ್ಲಪ್ಪ, ದಾಟ್ಬೇಕು, ಅದಕ್ಕೆ ನಿಂತಿದೀನಿ.”

ಅವನು ನನ್ನ ಟೈರ್ ನೋಡಿದ. ನಂಬಿಕೆ ಬರಲಿಲ್ಲ. ಹಿಂದಕ್ಕೆ ಹೋದರೆ ಒಂದು ಪಂಚರ್ ಅಂಗಡಿ ಇದೆ, ಇನ್ನೂ ಬಾಗಿಲು ಹಾಕಿರಲ್ಲ ಅಂದ. ಬೇಡ ಅಂದೆ. ಆಮೇಲೆ ಏನನ್ನಿಸಿತೋ, ಬೈಕನ್ನು ಸ್ವಲ್ಪ ಓರೆ ಮಾಡಿ, ರಸ್ತೆಗೆ ಬೆಳಕು ಬೀಳುವ ಹಾಗೆ ಹಿಡಿದು, “ಹೋಗಿ ಅಂಕಲ್” ಅಂದ. ಗಾಡಿಗಳು ಮುಗಿದ ಮೇಲೆ ಸೈಕಲ್ ತಳ್ಳಿಕೊಂಡು ಇಳಿದೆ. ಮುಂದೆ ರಸ್ತೆಯ ಮೇಲೆ ಎರಡು ಚಕ್ರ, ಎರಡು ಕಾಲು, ಉದ್ದಕ್ಕೆ ಬಿದ್ದುಕೊಂಡು ನನಗಿಂತ ಮೊದಲೇ ಆಚೆ ದಡ ಸೇರಿದ್ದವು.